ಹನ್ನೊಂದು ಅಕ್ಷರ ಬಲ್ಲ ಕೋಡಕ್ಕ

ಬೆಳಗಿನ ಆರೂವರೆ. ಬ್ಯಾಂಕಿನ ಶಟರ್ ಇನ್ನೂ ಅರ್ಧವಷ್ಟೇ ಮೇಲೆದ್ದಿದೆ. ಒಳಗೆ ಅಟೆಂಡರಮ್ಮ ಕಸದ ಬುಟ್ಟಿಯನ್ನು ನೆಲಕ್ಕೆ ಸುರಿದುಕೊಂಡು ಚಕ್ಕಳಮಕ್ಕಳ ಹಾಕಿ ಕೂತಿದ್ದಾರೆ. ಗುಡಿಸುವುದು ಆಮೇಲೆ, ಮೊದಲು ಓದು! ಹೊರದೇಶಕ್ಕೆ ಹಣ ಕಳಿಸಲು ಬಂದವರು ತಪ್ಪಾಗಿ ತುಂಬಿ, ನಿನ್ನೆ ಹರಿದೆಸೆದ ಅರ್ಜಿಗಳ ಚೂರು ಜೋಡಿಸಿ, ಎಲ್ಲಿ ಎಡವಟ್ಟಾಯಿತೆಂದು ನೋಡುತ್ತಾರೆ. ನೋಡಿಯಾದ ಮೇಲೆ ಇನ್ನಷ್ಟು ಸಣ್ಣಗೆ ಹರಿದು ಚೀಲಕ್ಕೆ ತುಂಬುತ್ತಾರೆ.

"ಬೆಳಿಗ್ಗೆ ಎದ್ದು ನೀವೆಲ್ಲ ಪೇಪರ್ ಓದಲ್ವಾ? ನಂಗೆ ಇದೇ ಪೇಪರ್" ಎಂದು ನಗುತ್ತಾರೆ.

ಹತ್ತೊಂಬತ್ತು ವರ್ಷದಿಂದ ಇದೇ ಓದು. ತಮ್ಮಂದಿರನ್ನು ನೋಡಿಕೊಳ್ಳಲೆಂದು ಏಳನೇ ತರಗತಿಗೇ ಶಾಲೆ ಬಿಡಿಸಿದ್ದರಂತೆ. ದಿನಗೂಲಿಗೆ ಸೇರಿದವರ ಕೆಲಸ ಕಾಯಂ ಆಗಲು ಹನ್ನೊಂದು ವರ್ಷ ಹಿಡಿಯಿತು. "ಮಂಡಿನೋವು ಮಾತ್ರ ಮೊದಲನೇ ವರ್ಷಕ್ಕೇ ಕಾಯಂ ಆಯ್ತು ನೋಡಿ!"

ಈಗ ದಿನಕ್ಕೆ ಇಪ್ಪತ್ತೈದು ಮೂವತ್ತು ಮಂದಿ ಅರ್ಜಿಯಲ್ಲಿ ಬರೆದ ಕೋಡ್ ಸರಿಯಿದೆಯಾ ಎಂದು ಕೇಳಲು ಇವರ ಸ್ಟೂಲಿನ ಮುಂದೆ ನಿಲ್ಲುತ್ತಾರೆ. ಹೊಸ ಅಧಿಕಾರಿಗಳೂ ಮೆಲ್ಲಗೆ ಬಂದು ಕೇಳಿಕೊಂಡು ಹೋಗುತ್ತಾರೆ. ಅದಕ್ಕೇ ಊರಿಗೆಲ್ಲ ಇವರು ಕೋಡಕ್ಕ. "ಹೆಸರಷ್ಟೇ. ನಂಗೇನೂ ಕೋಡು ಮೂಡಿಲ್ಲಪ್ಪ!"

ಹೊರದೇಶಕ್ಕೆ ಹಣ ಕಳಿಸುವಾಗ ಬ್ಯಾಂಕಿನ ವಿಳಾಸದಂತೆ ಬರೆಯುವ ಸ್ವಿಫ್ಟ್ ಕೋಡ್ ಎಂದರೆ ನನಗೆ ಕಬ್ಬಿಣದ ಕಡಲೆ. ಅವರಿಗೆ ನೀರು ಕುಡಿದಷ್ಟು ಸಲೀಸು. "ಮೊದಲ ನಾಲ್ಕಕ್ಷರ ಬ್ಯಾಂಕು. ಮುಂದಿನೆರಡು ದೇಶ. ಆಮೇಲಿನೆರಡು ಊರು ಅನ್ಕೊಳ್ಳಿ. ಕೊನೇ ಮೂರು ಶಾಖೆ. ಆ ಮೂರು ಇಲ್ದಿದ್ರೂ ಗಾಬರಿ ಬೇಡ, ಎಂಟೇ ಇದ್ರೆ ದುಡ್ಡು ಹೆಡ್ಡಾಫೀಸಿಗೆ ಹೋಗಿ ಮುಂದಕ್ಕೆ ಹೋಗುತ್ತೆ. ಆದ್ರೆ ಕೋಡ್ ಬ್ಯಾಂಕಿನ ಬಾಗಿಲವರೆಗೆ ಮಾತ್ರ. ಒಳಗೆ ಯಾರ ಕೈಗೆ ಅನ್ನೋದನ್ನ ಖಾತೆ ನಂಬರ್ ಹೇಳ್ಬೇಕು."

ಕೋಡಕ್ಕನ ಬಗ್ಗೆ ಬರೆಯಲೆಂದು ನಾನು ಬ್ಯಾಂಕಿಗೆ ಹೋದ ಸೋಮವಾರವೇ ಎದುರು ಬೀದಿಯ ಟೈಲರಮ್ಮ ಬೆವರುತ್ತ ಬರುತ್ತಾರೆ. ಮಗಳಿಗೆ ಹೊರದೇಶದಲ್ಲಿ ಕೃತಕ ಕಾಲು ತಯಾರಿಸುವುದನ್ನು ಕಲಿಯಲು ಸೀಟು ಸಿಕ್ಕಿದೆ. ಶುಕ್ರವಾರದೊಳಗೆ ಶುಲ್ಕ ಮುಟ್ಟದಿದ್ದರೆ ಸೀಟು ಬೇರೆಯವರ ಪಾಲು. ಒಮ್ಮೆ ಕಳಿಸಿದ ಹಣ ಹತ್ತು ದಿನ ಸುತ್ತಾಡಿ ವಾಪಸ್ ಬಂದಿದೆ. ಈಗ ಕಾಲೇಜಿನ ಅದೇ ಹಳೆಯ ಪತ್ರ ನೋಡಿ ಅದೇ ಕೋಡನ್ನು ಮತ್ತೆ ಬರೆದು ತಂದಿದ್ದಾರೆ.

ಕೋಡಕ್ಕ ಕಣ್ಣಾಡಿಸಿದವರೇ ತಲೆಯಾಡಿಸುತ್ತಾರೆ. "ಅಯ್ಯೋ ತಾಯಿ, ಒಂದಕ್ಷರಾನೂ ತಪ್ಪಿಲ್ಲ. ಆದ್ರೆ ಆ ಬ್ಯಾಂಕೇ ಈಗಿಲ್ಲ! ಇನ್ನೊಂದು ಬ್ಯಾಂಕಲ್ಲಿ ವಿಲೀನ ಆಗಿ ವರ್ಷ ಆಯ್ತು. ಖಾಲಿ ಮಾಡಿದ ಮನೆ ಬಾಗಿಲು ಬಡಿದ್ರೆ ಯಾರು ತೆಗೀತಾರೆ?" ಇದೇ ಕೋಡಿನ ಮೂರು ಅರ್ಜಿ ಬುಟ್ಟಿಗೆ ಬಿದ್ದದ್ದು ಅವರಿಗೆ ಚೆನ್ನಾಗಿ ನೆನಪಿದೆ.

ಜೊತೆಗೇ ಬಂದಿದ್ದ ಮಗಳು ಕಾಲೇಜಿಗೆ ಫೋನ್ ಮಾಡುತ್ತಾಳೆ. ಹೊಸ ಪತ್ರ ಮೊಬೈಲಿಗೆ ಬರುವಾಗ ಮಧ್ಯಾಹ್ನ ಮೂರು ದಾಟಿದೆ, ಮೂರೂವರೆಗೆ ಕೌಂಟರ್ ಬಂದ್. ಟೈಲರಮ್ಮ ಮೊಬೈಲನ್ನು ಕೋಡಕ್ಕನ ಮುಂದೆ ಹಿಡಿಯುತ್ತಾರೆ. ಕೋಡಕ್ಕ ಬೆರಳಿಟ್ಟು ಒಂದೊಂದೇ ಅಕ್ಷರ ಓದಿ ಹೇಳುತ್ತಾರೆ, ಅಧಿಕಾರಿ ಒತ್ತುತ್ತಾರೆ. ಪರದೆಯ ಮೇಲೆ ಹೊಸ ಬ್ಯಾಂಕಿನ ಹೆಸರು ಬರುತ್ತದೆ! ಬರೆಯಲು ಹೋದ ನಾನು ಪೆನ್ನು ಬಿಟ್ಟು ಚಪ್ಪಾಳೆ ತಟ್ಟುತ್ತೇನೆ. ಮ್ಯಾನೇಜರ್ ದುರುಗುಟ್ಟಿಕೊಂಡು ನೋಡುತ್ತಾರೆ. ನೋಡಲಿ ಬಿಡಿ, ಖುಷಿಗೂ ಅನುಮತಿ ಕೇಳಬೇಕೇ?

ಗುರುವಾರ ಹುಡುಗಿ ಓಡೋಡಿ ಬರುತ್ತಾಳೆ. ಶುಲ್ಕ ಮುಟ್ಟಿದೆ, ಸೀಟು ಖಾತ್ರಿ. ಕೋಡಕ್ಕನನ್ನು ತಬ್ಬಿ ಒಂದು ಸುತ್ತು ತಿರುಗಿಸಿಯೇ ಬಿಡುತ್ತಾಳೆ. "ಅಯ್ಯೋ ಬಿಡೇ, ನನ್ನ ಮಂಡಿ!"

"ಅಲ್ಲಿಂದ ನಿಮಗೇನು ತರ್ಲಿ, ಅತ್ತೆ?"

ಕೋಡಕ್ಕ ಅಂಗೈಯಿಂದ ಕಣ್ಣೊರೆಸಿಕೊಳ್ಳುತ್ತಾರೆ.

"ಏನೂ ಬೇಡ ಕಣೇ. ಆ ಬ್ಯಾಂಕಿಗೆ ಒಂದ್ಸಲ ಹೋಗು. ಬೆಳಿಗ್ಗೆ, ಜನ ಬರೋಕೆ ಮುಂಚೆ ಹೋಗು. ನನ್ನಂಥೋರು ಒಬ್ರು ಅಲ್ಲೂ ನೆಲ ಒರೆಸ್ತಿರ್ತಾರೆ. ಅವರನ್ನ ನಾನು ಕೇಳ್ದೆ ಅಂತ ಹೇಳು."