ಖಂಡೇನವಮಿಯ ಉಕ್ಕಿನ ಕಡ್ಡಿ

ಬೆಳ್ಳಿ, ಹಿತ್ತಾಳೆಯ ಮೇಲೆ ಕೈಯಿಂದ ಅಕ್ಷರ, ಹೂಬಳ್ಳಿ ಕೊರೆಯುವವರಿಗೆ ಎಲ್ಲಕ್ಕಿಂತ ಮೊದಲು ಬೇಕಾದದ್ದು ಒಳ್ಳೆಯ ಉಕ್ಕಿನ ಕಡ್ಡಿ. ಬೆರಳುದ್ದದ ಚೌಕ ಕಡ್ಡಿಗೆ ಸಾಣೆಯಲ್ಲಿ ಮೊನೆ ಹಿಡಿದು ಮರದ ಹಿಡಿಗೆ ಕೂರಿಸಿದರೆ ಅದೇ ನಮ್ಮ ಉಳಿ. ಕಡ್ಡಿ ಕೆಟ್ಟದ್ದಾದರೆ ಎಷ್ಟು ಚೂಪು ಮಾಡಿದರೂ ನಾಲ್ಕು ಗೆರೆ ಎಳೆಯುವುದರೊಳಗೆ ಮೊಂಡಾಗುತ್ತದೆ. ಇದನ್ನು ನನಗೆ ಕಲಿಸಿದವರು ನನ್ನ ಕಾಕಾ, ಅಪ್ಪನ ತಮ್ಮ. ವರ್ಷ ವರ್ಷವೂ ನನ್ನ ಕೈಗೆ ಕೆಟ್ಟ ಕಡ್ಡಿ ಕೊಟ್ಟವರೂ ಅವರೇ.

ನಮ್ಮ ಊರು ಗಡಹಿಂಗ್ಲಜ. ಕಾಕಾನ ಅಂಗಡಿ ಕೊಲ್ಹಾಪುರದ ಸರಾಫ ಗಲ್ಲಿಯಲ್ಲಿತ್ತು. ಕಾಲೇಜಿಗೆಂದು ಅವರ ಮನೆಯಲ್ಲಿ ಉಳಿದವಳು ಪುಸ್ತಕಕ್ಕಿಂತ ಹೆಚ್ಚು ಅಂಗಡಿಯ ಮಣೆಗೆ ಅಂಟಿಕೊಂಡೆ. ಪಕ್ಕದ ಮಣೆಯಲ್ಲಿ ಕಾಕಾನ ಮಗ, ನನಗಿಂತ ಎರಡು ವರ್ಷ ಚಿಕ್ಕವನು, ತಮ್ಮನೆಂದೇ ಕರೆಯುತ್ತಿದ್ದೆ. ಇಬ್ಬರೂ ಒಟ್ಟಿಗೇ ಕಲಿಯತೊಡಗಿದೆವು. ಅವನಿಗೆ ಕೆಲಸದಲ್ಲಿ ಅಷ್ಟೇನೂ ಆಸೆ ಇರಲಿಲ್ಲ. ನನಗೆ ಊಟ ಮಾಡುವಾಗಲೂ ತಾಟಿನ ಅಂಚಿನ ಮೇಲೆ ಬಳ್ಳಿ ಓಡುತ್ತಿತ್ತು.

ಕಡ್ಡಿ ಆರಿಸುವುದನ್ನು ಕಾಕಾ ಎಷ್ಟು ಚಂದ ಕಲಿಸಿದರು! ಗಾಜಿನ ಮೇಲಿಟ್ಟು ನೋಡು, ಅಲುಗಿದರೆ ಸೊಟ್ಟಗಿದೆ. ಉಜ್ಜುವ ಅರ ಹಚ್ಚಿ ನೋಡು, ಅರ ಜಾರಿದರೆ ಕಡ್ಡಿ ಗಟ್ಟಿ, ಕಚ್ಚಿದರೆ ಮೆತ್ತಗೆ. ಕೊನೆಗೆ ಸಾಣೆಯ ಚಕ್ರಕ್ಕೆ ಹಿಡಿ. ಒಳ್ಳೆಯ ಕಡ್ಡಿಯಿಂದ ಮಂಕು ಕೆಂಪು ಕಿಡಿ, ಅದೂ ಗಿಡ್ಡಗೆ, ಬಿಡಿ ಬಿಡಿಯಾಗಿ ಬರುತ್ತದೆ. ಸಾದಾ ಉಕ್ಕಾದರೆ ಬೆಳ್ಳನೆಯ ಕಿಡಿ ಉದ್ದುದ್ದ ಹಾರುತ್ತದೆ. "ಭಾಳ ಮೆರಿಯೂ ಕಿಡಿ ಕಂಡಿ ಅಂದ್ರ ಆ ಕಡ್ಡಿ ಅಲ್ಲೇ ಬಿಟ್ಟು ಬಾ," ಎನ್ನುತ್ತಿದ್ದರು. ಇಷ್ಟೆಲ್ಲ ಗೊತ್ತಿದ್ದೂ ನಾನು ನನ್ನದೇ ಕಡ್ಡಿಯನ್ನು ಪರೀಕ್ಷಿಸಲಿಲ್ಲ ಎಂದರೆ ನಗಬೇಡಿ, ಅದಕ್ಕೆ ಕಾರಣವಿದೆ.

ನಮ್ಮಲ್ಲಿ ದಸರೆಯ ಖಂಡೇನವಮಿಯ ದಿನ ಕೆಲಸದ ಹತ್ಯಾರಗಳ ಪೂಜೆ, ಅಂದರೆ ಆಯುಧಪೂಜೆ. ಅಂದು ಕಲಿಸಿದವರು ಕಲಿತವರಿಗೆ ಹೊಸ ಕಡ್ಡಿ ಕೊಡುತ್ತಾರೆ. ಮೊದಲ ಮೊನೆಯನ್ನು ಕೊಡುವವರೇ ಹಿಡಿದಿರುತ್ತಾರೆ. ಅರಿಷಿಣ ಕುಂಕುಮ ಹಚ್ಚಿದ ಆ ಕಡ್ಡಿಗೆ ಆಮೇಲೆ ಎಣ್ಣೆಕಲ್ಲಿನ ಮೇಲೆ ಚೂಪು ಕೊಡಬಹುದು, ಅಷ್ಟೆ. ಅರ ಹಚ್ಚಿ, ಚಕ್ರಕ್ಕೆ ಹಿಡಿದು ಪರೀಕ್ಷೆ ಮಾಡಿದರೆ ದೇವರ ಮೇಲೂ ಗುರುವಿನ ಮೇಲೂ ಸಂಶಯಪಟ್ಟಂತೆ. ಒಬ್ಬರ ಉಳಿಯನ್ನು ಇನ್ನೊಬ್ಬರು ಮುಟ್ಟುವುದೂ ಇಲ್ಲ. ಹಾಗಾಗಿ ತಮ್ಮನ ಕಡ್ಡಿ ಹೇಗಿತ್ತೋ ನನಗೆ ಗೊತ್ತಾಗುವ ದಾರಿಯೇ ಇರಲಿಲ್ಲ. ಕಾಲು ಮುಟ್ಟಿ ನಮಸ್ಕರಿಸಿ ಕಡ್ಡಿ ಈಸಿಕೊಳ್ಳುತ್ತಿದ್ದೆ. ಮರುದಿನ ವಿಜಯದಶಮಿಗೆ ಬನ್ನಿ ಎಲೆ ಕೊಟ್ಟು ಕಾಕಾ "ಬಂಗಾರದಂಗ ಇರೂಣು ಮಗಳ" ಅನ್ನುತ್ತಿದ್ದರು.

ತಮ್ಮನ ಗೆರೆ ಹೊಳೆಯುತ್ತಿತ್ತು. ನನ್ನದು ಮಂಕಾಗಿರುತ್ತಿತ್ತು. ಮೊನೆ ಮಣಿಯುತ್ತಿದ್ದರಿಂದ ನಾನು ಒತ್ತುತ್ತಿದ್ದೆ, ಒತ್ತಿದಷ್ಟೂ ಗೆರೆಯ ಅಂಚು ಒರಟಾಗುತ್ತಿತ್ತು. ಒಮ್ಮೆ ಇಷ್ಟಲಿಂಗ ಇಡುವ ಬೆಳ್ಳಿಯ ಕರಡಿಗೆಯೊಂದು ಬಂತು. ಅದರ ಸುತ್ತ ಬಳ್ಳಿ ಕೊರೆಯಬೇಕಿತ್ತು. ಕಾಡಿ ಬೇಡಿ ನಾನೇ ತೆಗೆದುಕೊಂಡೆ. ಅರ್ಧ ಬಳ್ಳಿ ಆಗುವಷ್ಟರಲ್ಲಿ ಕಾಕಾ ಅದನ್ನು ಗಿರಾಕಿಯ ಎದುರಿಗೇ ಬೆಳಕಿಗೆ ಹಿಡಿದು, "ನಿನ್ನ ಕೈ ಭಾರ ಅದವಾ. ಬೆಳ್ಳಿಗೆ ಹಗುರ ಕೈ ಬೇಕು. ನೀ ಹಿತ್ತಾಳಿ ಭಾಂಡಿ ಮ್ಯಾಲ ಹೆಸರು ಹಾಕು, ಸಾಕು," ಎಂದು ಕರಡಿಗೆಯನ್ನು ತಮ್ಮನ ಮಣೆಗೆ ಸರಿಸಿದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಅಂಥವಳು ಅನ್ನಿಸಿಕೊಳ್ಳಬಾರದೆಂದು ನಾನು ಕಡ್ಡಿಯ ಬಗ್ಗೆ ತುಟಿ ಬಿಚ್ಚಲಿಲ್ಲ. ಮೊನೆ ಮಣಿಯುವುದು ನನ್ನ ಭಾರದ ಕೈಯಿಂದಲೇ ಎಂದು ನಂಬಿ ಬೆಳ್ಳಿಯ ಆಸೆ ಬಿಟ್ಟೆ.

ಮದುವೆಯಾಗಿ ಇಚಲಕರಂಜಿಯ ಕಬನೂರಿಗೆ ಬಂದೆ. ಸುತ್ತಲೂ ಮಗ್ಗಗಳ ಖಟಖಟ. ಅದರ ನಡುವೆ ಮನೆಯ ಮುಂದಿನ ಖೋಲಿಯಲ್ಲಿ ಕೂತು ಮದುವೆಯ ಹಿತ್ತಾಳೆ ಕೊಡ, ತಂಬಿಗೆಗಳ ಮೇಲೆ ಹೆಸರು ಕೊರೆಯುತ್ತ ವರ್ಷಗಳು ಕಳೆದವು. ಕಾಕಾ ಅಂಗಡಿಯನ್ನು ಮಗನಿಗೆ ವಹಿಸಿ ಗಡಹಿಂಗ್ಲಜಕ್ಕೆ ಹೋದ ಮೇಲೂ ಖಂಡೇನವಮಿಗೆ ಕೊಲ್ಹಾಪುರಕ್ಕೆ ಬರುತ್ತಿದ್ದರು. ನಾನೂ ಹೋಗಿ ಕಡ್ಡಿ ತರುತ್ತಿದ್ದೆ.

ಈ ಸಲ ಹಬ್ಬ ಇನ್ನೂ ದೂರವಿರುವಾಗಲೇ ಕಡ್ಡಿ ಸವೆದು ಮೋಟಾಯಿತು. ಮೊದಲ ಬಾರಿಗೆ ನಾನೇ ಕೊಳ್ಳಲು ಊರೊಳಗಿನ ಒಂದು ಹತ್ಯಾರದ ಅಂಗಡಿಗೆ ಹೋದೆ. ಬಾಗಿಲಲ್ಲೇ ಸಾಣೆಯ ಚಕ್ರವಿತ್ತು. ಅಂಗಡಿಯವನು, "ಘಾಸೂನ ಬಘಾ, ತಾಈ," ಎಂದ, ತಿಕ್ಕಿ ನೋಡಿಕೊಳ್ಳಿ ಎಂದು. ಹಿಡಿದು ನೋಡಿದೆ. ಮಂಕು ಕೆಂಪು ಕಿಡಿ. ಛಲೋ ಇತ್ತು. ಆದರೂ ಕಾಕಾನ ಶಿಷ್ಯೆ ನಾನು, ಅಷ್ಟು ಸುಲಭಕ್ಕೆ ಒಪ್ಪುತ್ತೇನೆಯೇ? "ಖರೇ ಕಡ್ಡಿ ಹೆಂಗಿರತೇತಿ ತೋರಸ್ತೇನಿ ತಡೀರಿ," ಎಂದು ಅಳತೆಗೆಂದು ತಂದಿದ್ದ ನನ್ನ ನವಮಿಯ ಮೋಟು ಕಡ್ಡಿಯನ್ನು ಜಂಬದಿಂದ ಚಕ್ರಕ್ಕೆ ತಾಗಿಸಿದೆ. ಸಂಶಯದಿಂದಲ್ಲವಲ್ಲ, ಅಭಿಮಾನದಿಂದ ತಾನೆ, ದೋಷ ತಟ್ಟುವುದಿಲ್ಲ ಅಂದುಕೊಂಡೆ.

ಬೆಳ್ಳನೆಯ ಕಿಡಿ ಉದ್ದಕ್ಕೆ ಹಾರಿ ನನ್ನ ಸೀರೆಯ ನಿರಿಗೆಯ ಮೇಲೆ ಬಿತ್ತು. ಇನ್ನೊಮ್ಮೆ ತಾಗಿಸಿದೆ. ಮತ್ತೆ ಅದೇ. ಅಂಗಡಿಯವನು ನಕ್ಕು, "ಹೇ ತರ ಸಾಧಂ ಲೋಖಂಡ," ಅಂದ. ಇದು ಬರೀ ಕಬ್ಬಿಣ. ಮನೆಗೆ ಬಂದು ಡಬ್ಬಿಯಲ್ಲಿ ಕೂಡಿಟ್ಟಿದ್ದ ಹಳೆಯ ಮೋಟುಗಳಿಗೆಲ್ಲ ಅರ ಹಚ್ಚಿದೆ. ಒಂದೂ ಜಾರಲಿಲ್ಲ. ಎಲ್ಲವನ್ನೂ ಅರ ಕಚ್ಚಿತು.

ಮರುದಿನವೇ ಬಸ್ಸು ಹತ್ತಿ ಗಡಹಿಂಗ್ಲಜಕ್ಕೆ ಹೋದೆ. ಕಾಕಾ ಪಡಸಾಲೆಯಲ್ಲಿ ಕೂತು ಶೇಂಗಾ ಸುಲಿಯುತ್ತಿದ್ದರು. "ಬಾರವಾ, ಒಬ್ಬಾಕೀನ ಬಂದಿ?" ಎಂದರು. ಮೋಟುಗಳನ್ನು ಅವರ ಅಂಗೈಯಲ್ಲಿಟ್ಟೆ.

"ಕಾಕಾ, ಇವೆಲ್ಲ ಮೆತ್ತನ್ನ ಉಕ್ಕು. ನಿಮಗ ಗೊತ್ತಿರಲಿಲ್ಲ ಅಂತ ಒಂದ ಮಾತು ಹೇಳ್ರಿ, ನಾ ನಂಬತೇನಿ."

ನಿಜವಾಗಿಯೂ ನಂಬುತ್ತಿದ್ದೆ. ನಂಬಲೆಂದೇ ಅಷ್ಟು ದೂರ ಹೋಗಿದ್ದೆ. ಅವರು ಮೋಟುಗಳನ್ನು ಒಂದೊಂದಾಗಿ ಬೆರಳಲ್ಲಿ ಹೊರಳಿಸಿ ನೋಡಿದರು.

"ಗೊತ್ತಿತ್ತವಾ. ನಿನ್ನ ಕೈ ಅವನ ಕೈಗಿಂತ ಭಾಳ ಛಲೋ ಇತ್ತು. ಮೊದಲನೇ ವರ್ಷಾನ ನನಗ ಕಂಡಿತ್ತು. ನೀ ಲಗ್ನ ಆಗಿ ಹೋಗಾಕಿ, ಅಂಗಡಿ ನಡಸಾಂವ ಅಂವ. ಗಿರಾಕಿ ಒಮ್ಮೆ ನಿನ್ನ ಗೆರಿ ನೋಡಿದ್ರ ಅವನ ಕೈಯಾಗ ಬೆಳ್ಳಿ ಯಾರು ಕೊಡ್ತಿದ್ರು?"

"ಮತ್ತ ಕೈ ಭಾರ ಅಂದ್ರಲ್ರೀ, ಮಂದಿ ಮುಂದ?"

"ಏನರ ಒಂದು ಹೇಳಬೇಕಾಗಿತ್ತಲ್ಲವಾ."

ನಿನ್ನ ಕೈ ಛಲೋ ಎಂಬ ಒಂದು ಮಾತಿಗಾಗಿ ಎಷ್ಟು ವರ್ಷ ಬಾಯಿ ಬಿಟ್ಟು ಕಾದಿದ್ದೆನೋ. ಅದು ಬಂತು, ಹೀಗೆ ಬಂತು. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳುವುದು? ಕಡ್ಡಿಯ ಬಗ್ಗೆ ಅವರು ಕಲಿಸಿದ್ದರಲ್ಲಿ ಒಂದೂ ಸುಳ್ಳಿರಲಿಲ್ಲ, ಅದೇ ನನ್ನೊಳಗೆ ಇನ್ನೂ ಉರಿಯುತ್ತದೆ. ಕಾಕು, ಕಾಕಾನ ಹೆಂಡತಿ, ಚಹಾ ತಂದರು. ನಾನು ಕುಡಿಯದೇ ಎದ್ದು ಬಂದೆ. ಹಾಗೆ ಆ ಮನೆಯಿಂದ ನಾನು ಎದ್ದು ಬಂದದ್ದು ಅದೇ ಮೊದಲು.

ಹೊಸ ಕಡ್ಡಿ ಕೊಂಡೆ. ಗಾಜಿನ ಮೇಲಿಟ್ಟು, ಅರ ಹಚ್ಚಿ, ಕಿಡಿ ನೋಡಿ, ನಾನೇ ಆರಿಸಿ, ನಾನೇ ಮೊನೆ ಹಿಡಿದೆ. ಒಂದು ತುಂಡು ಬೆಳ್ಳಿಯ ತಗಡು ತಂದು ಅಲುಗದಂತೆ ಅರಗಿನ ಮೇಲೆ ಕೂರಿಸಿ ಮೊದಲ ಬಳ್ಳಿ ಎಳೆದೆ. ಉಳಿ ಬೆಳ್ಳಿಯೊಳಗೆ ಆಳಕ್ಕೆ ಇಳಿದು, ಸಿಕ್ಕಿ, ಸಟ್ಟನೆ ಜಾರಿ ಎಡಗೈಯ ಹೆಬ್ಬೆರಳಿಗೆ ನಟ್ಟಿತು. ಬಟ್ಟೆ ಸುತ್ತಿಕೊಂಡು ಮತ್ತೆ ಎಳೆದೆ. ಮತ್ತೆ ಜಾರಿತು. ಗಟ್ಟಿ ಮೊನೆಗೆ ಒತ್ತು ಬೇಕಿಲ್ಲ, ಮುಂದಕ್ಕೆ ನಡೆಸಿದರೆ ಸಾಕು. ಅದು ನನ್ನ ತಲೆಗೆ ಗೊತ್ತು, ಮಣಿಕಟ್ಟಿಗೆ ಗೊತ್ತಿಲ್ಲ. ಮಣಿಯುವ ಮೊನೆಯ ಮೇಲೆ ಭಾರ ಹಾಕಿ ಹಾಕಿ ಅದಕ್ಕೆ ಬೇರೆ ನಡೆಯೇ ಬಾರದು. ತಿಂಗಳುಗಳಿಂದ ಕೂರುತ್ತಿದ್ದೇನೆ, ತಗಡಿನ ತುಂಬ ಬರೀ ಗೀರು.

ನನ್ನ ಕೈ ಭಾರ ಎಂದು ಕಾಕಾ ಅಂದು ಹೇಳಿದ್ದು ಸುಳ್ಳು. ಅವರು ಕೊಟ್ಟ ಕಡ್ಡಿ ಹಿಡಿದು, ಅದನ್ನು ನಾನೇ ಖರೆ ಮಾಡಿಬಿಟ್ಟಿದ್ದೇನೆ.