ಮುಚ್ಚಳಕ್ಕೆ ಅಂಟಿದ್ದ ಚೂರು

ಜಯನಗರದಲ್ಲಿ ಹಾಲಿನ ವ್ಯಾನು ಇನ್ನೂ ಕ್ರೇಟು ಇಳಿಸುತ್ತಿರುವಾಗಲೇ ರಾಜಶ್ರೀ ಬಂದು ಲ್ಯಾಬಿನ ಬೀಗ ತೆಗೆಯುತ್ತಾರೆ. ರೋಗಿಗಳ ದೇಹದಿಂದ ಪರೀಕ್ಷೆಗೆಂದು ತೆಗೆದ, ರಾತ್ರಿಯಿಡೀ ಯಂತ್ರದಲ್ಲಿ ಹದಗೊಂಡ ಅಂಗಾಂಶದ ಚೂರುಗಳನ್ನು ಬಿಸಿ ಮೇಣದಲ್ಲಿ ಕೂರಿಸುವುದು ದಿನದ ಮೊದಲ ಕೆಲಸ. ಮೇಣ ಗಟ್ಟಿಯಾದ ಮೇಲೆ ಈರುಳ್ಳಿ ಸಿಪ್ಪೆಗಿಂತ ತೆಳುವಾಗಿ ಕೊಯ್ದು, ಗಾಜಿನ ಮೇಲೆ ಹರಡಿ, ಬಣ್ಣ ಹಾಕುತ್ತಾರೆ. ಆಮೇಲಷ್ಟೇ ಅದು ಡಾಕ್ಟರ ಸೂಕ್ಷ್ಮದರ್ಶಕದ ಕೆಳಗೆ ಹೋಗುವುದು.

ಹೊಸಕೆರೆಹಳ್ಳಿಯ ರಾಜಶ್ರೀ ಇಲ್ಲಿ ಟೆಕ್ನಿಷಿಯನ್. ಬರುವ ಡಬ್ಬಿಗಳಲ್ಲಿ ಎಷ್ಟೋ ಗರ್ಭಕೋಶದ ಒಳಪದರದವು. ನಿಲ್ಲದ ಮುಟ್ಟು, ಇಲ್ಲವೇ ಮುಟ್ಟು ನಿಂತ ಮೇಲೆ ಮತ್ತೆ ಕಂಡ ರಕ್ತ. "ಜಾಸ್ತಿ ಜನಕ್ಕೆ ಹಾರ್ಮೋನ್ ಏರುಪೇರೇ ಇರುತ್ತೆ ಸಾರ್, ಮಾತ್ರೆಲಿ ಹೋಗುತ್ತೆ. ಆದ್ರೆ ನೋಡ್ದೆ ಹೇಗೆ ಗೊತ್ತಾಗುತ್ತೆ?" ಎನ್ನುತ್ತಾರೆ ಅವರು.

ಚೂರುಗಳು ಕೆಡದಂತೆ ಹಾಕಿಡುವ ಫಾರ್ಮಲಿನ್ ದ್ರವದ ವಾಸನೆಗೆ ಅವರ ಕಣ್ಣು ಸದಾ ಕೆಂಪು. ಕೆಲಸಕ್ಕೆ ಸೇರಿದ ಹೊಸದರಲ್ಲಿ, ಸ್ನಾನ ಮಾಡದೆ ಅಡುಗೆಮನೆಗೆ ಬರಬೇಡ ಎಂದಿದ್ದರು ಅತ್ತೆ. ಈಗ ಸೊಸೆಗಿಂತ ಮೊದಲೇ ಎದ್ದು ಅವರೇ ಕಾಫಿ ಮಾಡಿಕೊಡುತ್ತಾರೆ.

ಬಿಳೇಕಹಳ್ಳಿಯ ಗೋವಿಂದಮ್ಮ ಮದುವೆ ಛತ್ರಗಳಲ್ಲಿ ಅಡುಗೆ ಮಾಡುವವರು. ಮುಟ್ಟು ನಿಂತು ವರ್ಷಗಳಾದ ಮೇಲೆ ರಕ್ತ ಕಂಡರೂ, ಉಷ್ಣ ಎಂದುಕೊಂಡು ಮಜ್ಜಿಗೆ ಕುಡಿದು ಸುಮ್ಮನಿದ್ದರು. ಮಗಳು ಬಲವಂತ ಮಾಡಿ, ಗರ್ಭಕೋಶದ ಒಳಪದರದ ಚೂರು ತೆಗೆಯುವ ಪರೀಕ್ಷೆ ಮಾಡಿಸಿದಳು. ಹೆದರಿಹೋಗಿದ್ದ ಗೋವಿಂದಮ್ಮ, ಇನ್ನೊಮ್ಮೆ ಮಾತ್ರ ಮಾಡಿಸಿಕೊಳ್ಳೋಲ್ಲ ಎಂದು ಆಸ್ಪತ್ರೆಯಲ್ಲೇ ಹೇಳಿಬಿಟ್ಟರು.

ಲ್ಯಾಬಿಗೆ ಬಂದ ಅವರ ಡಬ್ಬಿಯಲ್ಲಿದ್ದದ್ದು ಬರೀ ಲೋಳೆ, ರಕ್ತ. ರಾಜಶ್ರೀ ಸೋಸಿದರು, ಏನೂ ಸಿಗಲಿಲ್ಲ. ಡಬ್ಬಿ ತೊಳೆದು ಮತ್ತೆ ಸೋಸಿದರು. ಕೊನೆಗೆ ಮುಚ್ಚಳ ತಿರುಗಿಸಿ ನೋಡಿದರೆ ಒಳಂಚಿಗೆ ಎಳ್ಳುಕಾಳಿನಷ್ಟು ಚೂರುಗಳು ಅಂಟಿಕೊಂಡಿದ್ದವು. ಕಳೆದುಹೋಗದಂತೆ ತೆಳು ಕಾಗದದಲ್ಲಿ ಪೊಟ್ಟಣ ಕಟ್ಟಿ ಯಂತ್ರಕ್ಕಿಟ್ಟರು.

"ಅದರಲ್ಲೇ ಕ್ಯಾನ್ಸರ್ ಇತ್ತು. ಇನ್ನೂ ಶುರುವಿನ ಹಂತ," ಎನ್ನುತ್ತಾರೆ ಲ್ಯಾಬಿನ ಡಾಕ್ಟರ್ ಮೈತ್ರಿ. "ರಾಜಶ್ರೀ ಹುಡುಕದೆ ಇದ್ದಿದ್ರೆ ಸ್ಯಾಂಪಲ್ ಸಾಲದು ಅಂತ ಬರೆದು ಕಳಿಸ್ತಿದ್ದೆ. ಆಯಮ್ಮ ಮತ್ತೆ ಬರ್ತಾನೇ ಇರ್ಲಿಲ್ಲ."

ಗರ್ಭಕೋಶ ತೆಗೆದರು, ಗೋವಿಂದಮ್ಮ ಚೇತರಿಸಿಕೊಂಡರು. ಚೂರು ಹುಡುಕಿದ ವಿಷಯ ತಿಳಿದು, ಒಂದು ದಿನ ಹೋಳಿಗೆ ಕಟ್ಟಿಕೊಂಡು ಲ್ಯಾಬಿಗೇ ಬಂದರು. "ಹುಡುಕಿದ್ದು ನೀನೇನಮ್ಮ?" ಎಂದು ಕೇಳಿದರು. ಗೋವಿಂದಮ್ಮನ ಚೂರಿದ್ದ ಗಾಜಿನ ಸ್ಲೈಡನ್ನೇ ರಾಜಶ್ರೀ ತಂದು ತೋರಿಸಿದರು. ಗಾಜನ್ನು ಬೆಳಕಿಗೆ ಹಿಡಿದು ನೋಡಿ, "ಇಷ್ಟೇನಾ? ಇಷ್ಟಕ್ಕಾ ನಾನು ಹೆದ್ರಿ ಕೂತಿದ್ದು?" ಎಂದ ಗೋವಿಂದಮ್ಮ, ರಾಜಶ್ರೀಯ ಕೈ ಹಿಡಿದುಕೊಂಡು ಅತ್ತುಬಿಟ್ಟರು.

ಆ ದಿನದ ಬಗ್ಗೆ ಕೇಳಿದರೆ ರಾಜಶ್ರೀ ಮೇಜಿನ ಮೇಲಿನ ಡಬ್ಬಿಯೊಂದನ್ನು ಎತ್ತಿ ತೋರಿಸುತ್ತಾರೆ. "ಡಬ್ಬಿ ಮೇಲೆ ಹೆಸ್ರು, ನಂಬರ್ ಇರುತ್ತೆ ಸಾರ್, ಅಷ್ಟೇ. ಯಾರು ಹುಷಾರಾದ್ರು, ಯಾರು ಹೋದ್ರು, ನಮಗೆ ಗೊತ್ತೇ ಆಗಲ್ಲ. ಅವತ್ತು ಒಬ್ರು ಗೊತ್ತಾದ್ರು. ನಂಗೆ ಅದು ಸಾಕು."