ಹೊಂಡದ ಲಾವಂಚ, ಮಾಸ್ತರರ ಎಮ್ಮೆ

ಕೂಲರಿಗೆ ಹೊಸದಾಗಿ ಲಾವಂಚದ ತಡಿಕೆ ಹಾಕಿಸಿದ್ದೇವೆ. ನೀರು ಬಿದ್ದೊಡನೆ ಮನೆ ತುಂಬ ಘಮ. ಎಲ್ಲರೂ ಆಹಾ ಎಂದರು. ನಾನು ಮಾತ್ರ ಎದ್ದು ಹೊರಗೆ ಹೋದೆ...

ತೊರವಿ ದಾರಿಯಲ್ಲಿ, ನಮ್ಮ ಓಣಿಯ ಹಿಂದೆ ಒಂದು ಹೊಂಡವಿದೆ. ಮಳೆ ಬಂದರೆ ಶಹರದ ರಸ್ತೆ, ಗ್ಯಾರೇಜು, ಗಟಾರ ಎಲ್ಲ ತೊಳೆದ ನೀರು ಅಲ್ಲೇ ಬಂದು ನಿಲ್ಲುತ್ತದೆ. ನನಗೆ ವಿಜ್ಞಾನ ಕಲಿಸಿದ ಮಾಸ್ತರರು ನಿವೃತ್ತರಾದ ಮೇಲೆ ಈ ಹೊಂಡಕ್ಕೇ ಗಂಟುಬಿದ್ದರು. ಥರ್ಮಾಕೋಲ್ ಹಲಗೆಗೆ ತೂತು ಕೊರೆದು, ಲಾವಂಚದ ಸಸಿ ಸಿಕ್ಕಿಸಿ, ನೈಲಾನ್ ಹಗ್ಗದಿಂದ ಬಿಗಿದು ತೇಲಿಬಿಟ್ಟರು. ಬೇರು ನೀರಿಗಿಳಿದು ಹೊಲಸು ಹೀರುತ್ತದೆ ಎನ್ನುತ್ತಿದ್ದರು. ಡಿಗ್ರಿ ಓದುತ್ತಿದ್ದ ನಾನೇ ಅವರ ಬಲಗೈ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ನಾತ ಹೋಯಿತು, ಕೊಕ್ಕರೆ ಬಂದವು.

ಹಲಗೆಯ ಮೇಲೆ ಬೆಳೆದ ಲಾವಂಚದ ಹುಲ್ಲನ್ನು ಆಗಾಗ ಕೊಯ್ದು ಗುಂಡಿಯಲ್ಲಿ ಮುಚ್ಚಬೇಕಿತ್ತು.

"ತಂಗೀ, ಹಸರೈತಂತ ದನಕ್ಕ ಹಾಕಬ್ಯಾಡ. ಊರ ಹೊಲಸೆಲ್ಲ ಅದರಾಗ ಕುಂತೈತಿ," ಎಂದು ಪ್ರತಿ ಸಲವೂ ಹೇಳುತ್ತಿದ್ದರು.

ನಮ್ಮ ಕಡೆ ಹಸಿ ಹುಲ್ಲನ್ನು ಮಣ್ಣುಪಾಲು ಮಾಡುವುದೆಂದರೆ ತಾಟಿನ ಅನ್ನ ಚೆಲ್ಲಿದ ಹಾಗೆ. ಆ ಬೇಸಿಗೆ ನಮ್ಮ ಎಮ್ಮೆ ಜೋಳದ ಒಣ ಕಣಿಕೆ ಜಗಿದು ಜಗಿದು ಸೋತಿತ್ತು. ಗುಂಡಿಗೆ ಹಾಕಬೇಕಾದ ಹೊರೆಗಳನ್ನು ದಿನಾ ಮನೆಗೆ ಹೊತ್ತೆ. ಕೊಯ್ಯುವಾಗ ಹುಲ್ಲಿನ ಜೊತೆ ಬಂದ ನೈಲಾನ್ ಹಗ್ಗದ ತುಂಡುಗಳನ್ನು ಆರಿಸುವ ವ್ಯವಧಾನವೂ ನನಗಿರಲಿಲ್ಲ.

ಎಮ್ಮೆ ಹೊಟ್ಟೆಯುಬ್ಬಿ ಸತ್ತಿತು. ದನದ ಡಾಕ್ಟರು ಕೊಯ್ದಾಗ ಹಗ್ಗದ ಉಂಡೆ ಸಿಕ್ಕಿತು.

"ಈ ಹುಲ್ಲ ಯಾರ ಕೊಟ್ರ ಬೇ ನಿನಗ?" ಅಪ್ಪ ಬಾರುಕೋಲು ಹಿಡಿದೇ ಕೇಳಿದ.

"ಮಾಸ್ತರ ಕೊಟ್ರು. ಎಮ್ಮಿಗೆ ಹಾಕು ಅಂದ್ರು," ಎಂದೆ.

ಓಣಿಯ ಹಿರಿಯರು ಸೇರಿದರು. ಮಾಸ್ತರರನ್ನೇ ಹೊಂಡಕ್ಕಿಳಿಸಿ ಒಂದೊಂದೇ ಹಲಗೆ ಕೀಳಿಸಿದರು. ಎದೆಮಟ್ಟದ ನೀರಿನಲ್ಲಿ ಅವರು ಎಡವಿದಾಗೆಲ್ಲ ದಂಡೆಯ ಮೇಲೆ ನಗೆ. ನಾನೂ ನಕ್ಕೆ... ಯಾಕೆ ನಕ್ಕೆನೋ, ಹಾಳಾದವಳು. ಅವರು ಒಂದು ಸಲವೂ ನನ್ನ ಹೆಸರು ಎತ್ತಲಿಲ್ಲ.

ಸತ್ತ ಎಮ್ಮೆಯ ಬದಲು ಅವರ ಎಮ್ಮೆ ಕೊಡಬೇಕೆಂದು ತೀರ್ಮಾನವಾಯಿತು. ಅವರಿಗಿದ್ದದ್ದು ಅದೊಂದೇ. ತಾವೇ ಹೊಡೆದುಕೊಂಡು ಬಂದು ನಮ್ಮ ಗೂಟಕ್ಕೆ ಕಟ್ಟಿದರು. ಅದರ ಬೆನ್ನು ಸವರಿ, ನನ್ನತ್ತ ತಿರುಗಿ ಹೇಳಿದ್ದು ಒಂದೇ ಮಾತು.

"ಇದಕ್ಕರ ಆ ಹುಲ್ಲ ಹಾಕಬ್ಯಾಡ, ತಂಗಿ."

ಮಾಸ್ತರರು ತೀರಿಕೊಂಡು ವರ್ಷಗಳಾದವು. ಹೊಂಡ ಮತ್ತೆ ಕಪ್ಪಗಾಗಿ ನಾರುತ್ತಿದೆ. ಅವರಿದ್ದಾಗ ನಾಲ್ಕು ಮನೆ ದಾಟಿ ಹೋಗಿ ತಪ್ಪಾಯಿತು ಎನ್ನಲು ನನ್ನಿಂದಾಗಲಿಲ್ಲ. ಅಪ್ಪನಿಗೂ ಇನ್ನೂ ನಿಜ ಹೇಳಿಲ್ಲ. ಆ ಎಮ್ಮೆಯ ಮೊಮ್ಮಗಳು ಈಗಲೂ ಅದೇ ಗೂಟದಲ್ಲಿದೆ. ಇವತ್ತು ಮುಂಜಾನೆಯೂ ಅದರ ಹಾಲಿನ ಚಹಾ ಕುಡಿದೆ.